ಹಾಸಿಗೆಗೆ ಕಾರ್ಡು, ಮಾತ್ರೆಗೆ ಜೇಬು

ಅರಸೀಕೆರೆ ಸಮೀಪದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ 76 ವರ್ಷ. ಒಂದು ಮಳೆಗಾಲದ ಬೆಳಗಿನ ಜಾವ ಬಚ್ಚಲಿಗೆ ಹೋದವರು ತಲೆಸುತ್ತಿ ಬಿದ್ದರು. ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಹಾಲು ಕರೆಯಲು ಎದ್ದ ಸೊಸೆ ನೋಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದ ಡಾಕ್ಟರು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿದೆ, ಆಪರೇಷನ್ ಆಗಬೇಕು, ಇಲ್ಲಿ ಆಗುವುದಿಲ್ಲ ಎಂದು ಒಂದು ಚೀಟಿ ಬರೆದುಕೊಟ್ಟರು. ದೊಡ್ಡಮ್ಮನ ಮಗ, ಅಂದರೆ ನಮ್ಮಣ್ಣ, ಅದನ್ನು ಮಡಚಿ ಅಂಗಿ ಜೇಬಿಗೆ ತುರುಕುವುದನ್ನು ಕಂಡು, ‘ಇದನ್ನ ಕಳೀಬೇಡಿ ಸ್ವಾಮಿ, ಇದಿಲ್ದಿದ್ರೆ ಕಾರ್ಡು ನಡೆಯಲ್ಲ’ ಎಂದರಂತೆ.

ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ನಾನು ಹೋಗಿ ಮುಟ್ಟಿದಾಗ ಮಧ್ಯಾಹ್ನ. ದೊಡ್ಡಮ್ಮ ಸ್ಟ್ರೆಚರ್ ಮೇಲೆ, ಅಣ್ಣ ಕೌಂಟರಿನ ಮುಂದೆ. ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಬಿಪಿಎಲ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು, ಆ ಚೀಟಿ. ಕೌಂಟರಿನವರು ಎಲ್ಲವನ್ನೂ ತಿರುವಿ ನೋಡಿ, ಕಾರ್ಡೇನೋ ಸರಿಯಿದೆ, ಆದರೆ ಮೂಳೆಗೆ ಹಾಕುವ ಇಂಪ್ಲಾಂಟ್ ಇದರಲ್ಲಿ ಬರುವುದಿಲ್ಲ, 45 ಸಾವಿರ ಕಟ್ಟಿ ಎಂದಿದ್ದರು. ಅಣ್ಣ ಆಗಲೇ ಊರಿಗೆ ಫೋನು ಮಾಡಿ ಕೊಬ್ಬರಿ ಮಂಡಿಯವರನ್ನು ಸಾಲ ಕೇಳಿಯಾಗಿತ್ತು. ದೊಡ್ಡಮ್ಮ ಆ ನೋವಿನಲ್ಲೂ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: ‘ದುಡ್ಡು ಎಷ್ಟಂತೆ ಮಗ?’

ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಣ್ಣದೊಂದು ಮೇಜು ಇರುತ್ತದೆ. ಅಲ್ಲಿ ಕೂರುವ ಹೆಣ್ಣುಮಗಳು ಊಟಕ್ಕೆ ಹೋಗಿದ್ದಳು. ಅವಳು ಬರುವ ತನಕ ದುಡ್ಡು ಕಟ್ಟಬೇಡ ಎಂದು ಅಣ್ಣನನ್ನು ಹಿಡಿದು ನಿಲ್ಲಿಸಿದೆ. ಬಂದವಳು ಕಾಗದ ನೋಡಿ, ಇಂಪ್ಲಾಂಟು, ಔಷಧಿ, ರಕ್ತಪರೀಕ್ಷೆ, ವಾರ್ಡು, ಊಟ ಎಲ್ಲವೂ ಪ್ಯಾಕೇಜಿನ ಒಳಗೇ ಬರುತ್ತವೆ, ನೀವು ಏನೂ ಕೊಡುವ ಹಾಗಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ‘14555ಕ್ಕೆ ಫೋನ್ ಮಾಡಿ ಸಾರ್, ನಾನು ಹೇಳಿದ್ರೆ ಕೇಳಲ್ಲ’ ಎಂದಳು. ಮಾಡಿದೆವು. ಒಂದು ಗಂಟೆಯಲ್ಲಿ ಕೌಂಟರಿನ ಮಾತು ಬದಲಾಯಿತು, ‘ಅಪ್ರೂವಲ್‌ಗೆ ಹಾಕಿದ್ದೀವಿ’ ಎಂದರು. ಎರಡನೆಯ ದಿನ ಆಪರೇಷನ್ ಆಯಿತು. ಮನೆಗೆ ಹೊರಟಾಗ ನಾವು ಕಟ್ಟಬೇಕಾದ ಬಾಕಿ ಸೊನ್ನೆ.

ಕಾರ್ಡು ಇದ್ದೂ, ಚೀಟಿ ಇದ್ದೂ, ನಿಯಮ ಪೂರಾ ನಮ್ಮ ಪರವಾಗಿದ್ದೂ ಅಣ್ಣ ಸಾಲ ಮಾಡಲು ಹೊರಟಿದ್ದ. ಪ್ಯಾಕೇಜು ಎಂದರೇನು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅಲ್ಲಿಗೆ ಹೋಗದಿದ್ದರೆ, ಆ ಹುಡುಗಿ ಊಟ ಮುಗಿಸಿ ಬೇಗ ಬರದಿದ್ದರೆ, 45 ಸಾವಿರವನ್ನು ಬಡ್ಡಿ ಸಮೇತ ಅವನು ಎರಡು ವರ್ಷ ತೀರಿಸುತ್ತಿದ್ದ. ಅದಕ್ಕೇ ಈ ವಾರ ಈ ಕಾರ್ಡಿನ ಒಳಹೊರಗನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅನ್ನಿಸಿತು.

ನಾವೆಲ್ಲ ಇದನ್ನು ‘ವಿಮೆ’ ಎಂದೇ ಕರೆಯುತ್ತೇವೆ. ಕರ್ನಾಟಕದಲ್ಲಿ ಇದು ಕಂಪನಿಯ ವಿಮೆಯಲ್ಲ. ನಮ್ಮಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರಿ ಸಂಸ್ಥೆ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡು, ಒಂದೊಂದು ಚಿಕಿತ್ಸೆಗೂ ಇಷ್ಟು ಎಂದು ದರ ಗೊತ್ತುಮಾಡಿ, ಬಿಲ್ಲನ್ನು ತಾನೇ ಆಸ್ಪತ್ರೆಗೆ ಕಟ್ಟುತ್ತದೆ. ನಡುವೆ ವಿಮಾ ಕಂಪನಿ ಇಲ್ಲ, ಪ್ರೀಮಿಯಂ ಇಲ್ಲ. ‘ಮೊದಲೇ ಶುಗರ್ ಇತ್ತಲ್ಲ, ಮೂರು ವರ್ಷ ಕಾಯಿರಿ’ ಎನ್ನುವ ಷರತ್ತೂ ಇಲ್ಲ. ವಯಸ್ಸಾದವರಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಖಾಸಗಿ ಪಾಲಿಸಿ ಮಾಡಿಸಲು ಅಲೆದವರಿಗೆ ಗೊತ್ತು. ಇಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ ಸಿಗುತ್ತದೆ.

ಈ ದಾರಿಯನ್ನು ದೇಶದಲ್ಲಿ ಮೊದಮೊದಲು ತುಳಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. 2010ರಲ್ಲಿ ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು. ಅದು ಮೊದಲು ಶುರುವಾದದ್ದು ಕಲಬುರಗಿ ಭಾಗದಲ್ಲಿ. ಯೋಜನೆ ಬಂದಿದ್ದ ಹಳ್ಳಿಗಳನ್ನೂ, ಗಡಿಯಾಚೆ ಅದಿನ್ನೂ ಬಾರದ ಪಕ್ಕದ ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು ಒಂದು ಅಧ್ಯಯನ ಮಾಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದರ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆಗುವ ಸಾವು ಶೇ 64ರಷ್ಟು ಕಡಿಮೆ ಎಂದು ಅದರಲ್ಲಿ ಕಂಡುಬಂತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ಕಾಯಿಲೆಗಳಿಗೆ ದೂರದ ಆಸ್ಪತ್ರೆಯ ಬಾಗಿಲು ತೆರೆದದ್ದಕ್ಕೇ ಬದುಕಿ ಉಳಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಈ ಯೋಜನೆಗಳ ಬಗ್ಗೆ ಎಷ್ಟೇ ದೂರು ಹೇಳಿದರೂ ಆ ಸಂಗತಿಯನ್ನು ಮರೆಯಬಾರದು.

ಮುಂದೆ 2018ರ ಮಾರ್ಚ್‌ನಲ್ಲಿ ಹಳೆಯ ಯೋಜನೆಗಳನ್ನೆಲ್ಲ ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಆರಂಭವಾಯಿತು, ಅಕ್ಟೋಬರ್ ಕೊನೆಗೆ ಕರ್ನಾಟಕದಲ್ಲಿ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ಮನೆಯವರದ್ದು. ನಮ್ಮ ದೊಡ್ಡಮ್ಮ ಪಾರಾದದ್ದು ಬಿಪಿಎಲ್ ಕಾರ್ಡಿನಿಂದ. ಅದು ಇಲ್ಲದ ಮುದುಕರ ಪಾಡು ಬೇರೆಯೇ.

ದಾವಣಗೆರೆಯ ನನ್ನ ಗೆಳೆಯನ ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿ ಕಾಲವಾಯಿತು. ಅವರಿಗೆ ಬರುವುದು ಭವಿಷ್ಯನಿಧಿಯ ಸಣ್ಣ ಪಿಂಚಣಿ. ಆ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಗಿದ್ದು, ಅವರ ಕೈಗೆ ಬರುವುದು ಅದಕ್ಕಿಂತ ತುಸುವೇ ಹೆಚ್ಚು. ಮಗ ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡ. ಮನೆಯಲ್ಲಿ ಬಿಳಿ ಬೋರ್ಡಿನ ಕಾರು ಇದ್ದರೆ ಬಿಪಿಎಲ್ ಕಾರ್ಡು ನಿಲ್ಲುವುದಿಲ್ಲ. ಕಾರ್ಡು ಹೋಯಿತು, ಅದರ ಜೊತೆ 79 ವರ್ಷದ ಅಪ್ಪನ 5 ಲಕ್ಷವೂ ಹೋಯಿತು. ಕಾರು ಮಗನದು, ಕಾಯಿಲೆ ಅಪ್ಪನದು. ಕುಟುಂಬದ ಬಡತನವನ್ನು ಅಳೆದು ಮುದುಕರಿಗೆ ಚಿಕಿತ್ಸೆ ಕೊಡುವ ಪದ್ಧತಿಯಲ್ಲಿ ಈ ಅನ್ಯಾಯ ಹುಟ್ಟಿನಿಂದಲೇ ಇತ್ತು. ಮಕ್ಕಳ ಮನೆಯಲ್ಲಿ ಅನುಕೂಲ ಇರಬಹುದು, ಆ ಅನುಕೂಲ ಹಿರಿಯರ ಕೈಗೆ ಬರುತ್ತದೆ ಎಂದು ಯಾವ ಕಾರ್ಡೂ ಹೇಳಲಾರದು.

ಈ ತಿಳಿವಳಿಕೆ ದೆಹಲಿಯಲ್ಲಿ ಮೂಡಿದ್ದು 2024ರಲ್ಲಿ. ಆ ವರ್ಷ ಸೆಪ್ಟೆಂಬರ್ 11ರಂದು ಕೇಂದ್ರ ಸಚಿವ ಸಂಪುಟ, 70 ವರ್ಷ ದಾಟಿದ ಎಲ್ಲರಿಗೂ, ಆದಾಯ ಏನೇ ಇರಲಿ, ಆಯುಷ್ಮಾನ್ ಭಾರತ್ ಅನ್ವಯವಾಗಬೇಕು ಎಂದು ತೀರ್ಮಾನಿಸಿತು. ಅಕ್ಟೋಬರ್ 29ರಂದು, ಧನ್ವಂತರಿ ಜಯಂತಿಯ ದಿನ, ‘ಆಯುಷ್ಮಾನ್ ವಯ ವಂದನ’ ಎಂಬ ಹೆಸರಿನಲ್ಲಿ ಬೇರೆಯೇ ಒಂದು ಕಾರ್ಡು ಕೊಡಲು ಶುರುವಾಯಿತು. ದೇಶದ ಸುಮಾರು ನಾಲ್ಕೂವರೆ ಕೋಟಿ ಕುಟುಂಬಗಳ 6 ಕೋಟಿ ಹಿರಿಯರು ಇದರ ವ್ಯಾಪ್ತಿಗೆ ಬರುತ್ತಾರೆ ಎಂಬುದು ಸರ್ಕಾರದ ಲೆಕ್ಕ. ಬಡವರೋ ಅಲ್ಲವೋ ಎಂದು ಕೇಳದೆ, ವಯಸ್ಸೊಂದನ್ನೇ ಹಕ್ಕಿನ ಗುರುತಾಗಿ ಒಪ್ಪಿಕೊಂಡದ್ದು ಇದರ ಜೀವಾಳ. ಯಾವ ಪಕ್ಷದ ಸರ್ಕಾರ ಮಾಡಿತು ಎಂಬುದನ್ನು ಬದಿಗಿಟ್ಟು ನೋಡಿದರೆ, ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಒಳಲೆಕ್ಕ ಹೀಗಿದೆ. ಈಗಾಗಲೇ ಯೋಜನೆಯಲ್ಲಿರುವ ಕುಟುಂಬದಲ್ಲಿ 70 ದಾಟಿದವರು ಇದ್ದರೆ, ಅವರಿಗಾಗಿಯೇ ವರ್ಷಕ್ಕೆ ಇನ್ನೊಂದು 5 ಲಕ್ಷ ಬೇರೆ ಇರುತ್ತದೆ. ಸೊಸೆಯ ಹೆರಿಗೆಗೋ ಮೊಮ್ಮಗನ ಆಪರೇಷನ್‌ಗೋ ಕುಟುಂಬದ ಹಣ ಖರ್ಚಾಗಿದ್ದರೂ ಅಜ್ಜಿಯ ಪಾಲು ಮುಟ್ಟದೆ ಉಳಿಯುತ್ತದೆ. ಇದುವರೆಗೆ ಯೋಜನೆಯ ಹೊರಗಿದ್ದ ಮನೆಗಳಲ್ಲಿ 70 ದಾಟಿದವರಿಗೆಲ್ಲ ಸೇರಿ 5 ಲಕ್ಷ. ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಅದು ಇಬ್ಬರ ನಡುವಿನ ಹಣ, ತಲೆಗೆ ಐದೈದು ಲಕ್ಷ ಅಲ್ಲ. ಹೆಂಡತಿಗೆ 66 ಆಗಿದ್ದರೆ ಆಕೆಗೆ ಇದರಲ್ಲಿ ಪಾಲಿಲ್ಲ. ಕೇಂದ್ರ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಅದನ್ನೋ ಇದನ್ನೋ ಒಂದನ್ನು ಆರಿಸಿಕೊಳ್ಳಬೇಕು. ಕೈಯಲ್ಲಿರುವುದನ್ನು ಬಿಟ್ಟುಕೊಡುವ ಮುನ್ನ ಅವರು ಒಂದು ಮಾತು ನೆನಪಿಡಬೇಕು: ಆ ಎರಡರಲ್ಲೂ ಹೊರರೋಗಿ ವಿಭಾಗದ ಔಷಧಿ ಸಿಗುತ್ತದೆ, ಇದರಲ್ಲಿ ಸಿಗುವುದಿಲ್ಲ. ಖಾಸಗಿ ಪಾಲಿಸಿ ಇದ್ದವರಿಗೆ, ಇಎಸ್‌ಐ ಇದ್ದವರಿಗೆ ಈ ಆಯ್ಕೆಯ ತೊಡಕಿಲ್ಲ, ಅದೂ ಇರಲಿ ಇದೂ ಇರಲಿ ಎನ್ನಬಹುದು.

ದುಡ್ಡು ಯಾರದು? ಕೇಂದ್ರ 60, ರಾಜ್ಯ 40. ನಮ್ಮಲ್ಲಿ ಜಗ್ಗಾಟ ಇರುವುದು ಇಲ್ಲೇ. ಕೇಂದ್ರ ತನ್ನ ಪಾಲನ್ನು ಕೊಡುವುದು ಕರ್ನಾಟಕದ 62 ಲಕ್ಷ ಕುಟುಂಬಗಳ ಲೆಕ್ಕಕ್ಕೆ ಮಾತ್ರ, ಬಿಪಿಎಲ್ ಕಾರ್ಡಿರುವ ಕುಟುಂಬಗಳು ಅದಕ್ಕಿಂತ ಎಷ್ಟೋ ಹೆಚ್ಚು, ಹೊರೆಯೆಲ್ಲ ನಮ್ಮ ಮೇಲೆ ಎಂಬುದು ರಾಜ್ಯದ ವಾದ. ವಾದದಲ್ಲಿ ಹುರುಳಿದೆ. 70 ದಾಟಿದವರ ಕಾರ್ಡು ನಮ್ಮ ರಾಜ್ಯದಲ್ಲಿ ಈ ಹಂಚಿಕೆಯ ತಕರಾರಿಗೆ ಸಿಕ್ಕಿ ಹಿಂದೆ ಬಿತ್ತು ಎಂಬುದೂ ಅಷ್ಟೇ ನಿಜ. ಎರಡು ಸರ್ಕಾರಗಳು ಲೆಕ್ಕ ಸರಿಮಾಡಿಕೊಳ್ಳುವ ತನಕ 79 ವರ್ಷದ ಗಿರಣಿ ಕೆಲಸಗಾರನ ಹೃದಯ ಕಾಯುವುದಿಲ್ಲ ಎಂಬುದನ್ನು ಬೆಂಗಳೂರಿಗೂ ದೆಹಲಿಗೂ ಕೈಮುಗಿದು ಹೇಳಬೇಕಾಗಿದೆ. ಓದುಗರು ಮಾಡಬೇಕಾದದ್ದು ಇಷ್ಟು: ಫೋನಿನಲ್ಲಿ ಕಾರ್ಡು ಬಂದುಬಿಟ್ಟಿತು ಎಂದಮಾತ್ರಕ್ಕೆ ನಿಶ್ಚಿಂತರಾಗದೆ, ನಿಮ್ಮ ಹತ್ತಿರದ ದೊಡ್ಡಾಸ್ಪತ್ರೆಯ ಆರೋಗ್ಯಮಿತ್ರರ ಮುಂದೆ ಅದನ್ನು ಹಿಡಿದು, ‘ಇದು ಇಲ್ಲಿ ನಡೆಯುತ್ತದೆಯೇ, ಯಾವ ಯಾವ ಚಿಕಿತ್ಸೆಗೆ?’ ಎಂದು ಕೇಳಿ ಬನ್ನಿ. ಮೈ ಚೆನ್ನಾಗಿರುವ ದಿನವೇ ಕೇಳಿ ಬನ್ನಿ.

ಕಾರ್ಡು ಮಾಡಿಸುವುದಕ್ಕೆ ಬೇಕಾದದ್ದು ಆಧಾರ್ ಒಂದೇ. ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲೇ ಕುಳಿತು ಮಾಡಬಹುದು. ಕೇಳಲು ಸುಲಭ. ಆದರೆ ನಮ್ಮ ಹಿರಿಯರ ಆಧಾರ್ ಎಂಥದ್ದು? ಅವರು ಹುಟ್ಟಿದಾಗ ಹಳ್ಳಿಗಳಲ್ಲಿ ತಾರೀಖು ಬರೆದಿಡುವವರು ಇರಲಿಲ್ಲ. ಪ್ಲೇಗಿನ ಮಾರನೇ ವರ್ಷ, ಕೆರೆ ಕೋಡಿ ಬಿದ್ದ ವರ್ಷ ಎಂದು ಲೆಕ್ಕ. ಆಧಾರ್ ಬರೆಸುವಾಗ ಯಂತ್ರದ ಮುಂದಿದ್ದ ಹುಡುಗ ಮುಖ ನೋಡಿ ಒಂದು ವರ್ಷ ಹಾಕಿದ. ಅರ್ಧ ಊರಿನ ಮುದುಕರು ಜನವರಿ 1ರಂದೇ ಹುಟ್ಟಿದವರಾದರು. ನಮ್ಮ ಕಡೆ ಒಬ್ಬ ತಾಯಿಗೂ ಮಗನಿಗೂ ಆಧಾರ್ ಪ್ರಕಾರ ಹನ್ನೊಂದೇ ವರ್ಷದ ಅಂತರ. ಇಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ಆ ಅಂದಾಜಿನ ವರ್ಷವೇ ಹಕ್ಕನ್ನು ತೀರ್ಮಾನ ಮಾಡುತ್ತದೆ. ತಿದ್ದಿಸಬೇಕೆಂದರೆ ದಾಖಲೆ ಬೇಕು, ಹುಟ್ಟಿದ ತಾರೀಖನ್ನು ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಶಾಲೆಗೆ ಹೋಗಿದ್ದರೆ ಹಳೆಯ ಟಿ.ಸಿ. ಹುಡುಕಬೇಕು. ಹೋಗದ ಹೆಣ್ಣುಮಕ್ಕಳು ಏನು ಮಾಡಬೇಕು?

ಇನ್ನು ಬೆರಳಚ್ಚು. ಊರಿನ ಗ್ರಾಮ ಒನ್ ಕೇಂದ್ರದಲ್ಲಿ ದೊಡ್ಡಮ್ಮನ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಟ್ಟದ್ದು ನಾನೇ ನೋಡಿದ್ದೇನೆ. ಅರವತ್ತು ವರ್ಷ ತೆಂಗಿನ ಗರಿ ಹೆಣೆದ, ಕಾಯಿ ಸುಲಿದ, ಪಾತ್ರೆ ಬೆಳಗಿದ ಬೆರಳು. ಗೆರೆಗಳೆಲ್ಲ ಸವೆದು ಕನ್ನಡಿಯ ಹಾಗೆ ನುಣ್ಣಗಾಗಿದೆ. ಯಂತ್ರದ ಕೆಂಪು ದೀಪ ಹೊತ್ತಿತು, ಮತ್ತೆ ಹೊತ್ತಿತು. ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿದ, ಒಣಗಿಸಿದ, ಬೇರೆ ಬೆರಳು ಇಡಿಸಿದ. ‘ನಂದೇ ಕೈ ಕಣಪ್ಪ’ ಎಂದು ದೊಡ್ಡಮ್ಮ ಪೆಚ್ಚಾಗಿ ಹೇಳಿದರು. ಕೊನೆಗೆ ಮುಖದ ಫೋಟೊ ಹಿಡಿದು ಗುರುತಿಸುವ ವಿಧಾನದಲ್ಲಿ ಕೆಲಸವಾಯಿತು. ಬೆರಳು ಹತ್ತದಿದ್ದರೆ ಮುಖ, ಕಣ್ಣಿನ ಪಾಪೆ, ಮೊಬೈಲ್‌ಗೆ ಬರುವ ಒಟಿಪಿ, ಇಷ್ಟೂ ದಾರಿಗಳಿವೆ. ‘ನಿಮ್ಮ ತಂಬ್ ಬರ್ತಿಲ್ಲ ಅಜ್ಜಿ, ಆಗಲ್ಲ’ ಎಂದು ಯಾರಾದರೂ ವಾಪಸು ಕಳಿಸಿದರೆ ಅದನ್ನು ಒಪ್ಪಬೇಕಾಗಿಲ್ಲ.

ಮೊಬೈಲ್ ನಂಬರಿನ ಬಗ್ಗೆಯೂ ಒಂದು ಮಾತು. ಕೇಂದ್ರದವನ ನಂಬರೋ ಯಾವುದೋ ಒಂದು ನಂಬರೋ ಹಾಕಿಸಿ ಬಂದರೆ ನಾಳೆ ಒಟಿಪಿ ಎಲ್ಲಿಗೋ ಹೋಗುತ್ತದೆ. ಮಹಾಲೇಖಪಾಲರ 2023ರ ವರದಿಯಲ್ಲಿ, ಈ ಯೋಜನೆಯ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಹತ್ತು ಒಂಬತ್ತುಗಳ ಒಂದೇ ನಂಬರು ಇದ್ದದ್ದು ಹೊರಬಿತ್ತು. ನಂಬರು ಮನೆಯವರದ್ದೇ ಇರಲಿ, ಹಿರಿಯರ ಜೊತೆ ಆಸ್ಪತ್ರೆಗೆ ಓಡಾಡುವವರದ್ದು ಇರಲಿ.

ಆಮೇಲಿನದು ಚೀಟಿ. ಕರ್ನಾಟಕದಲ್ಲಿ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡಬೇಕು. ಆಮೇಲಷ್ಟೇ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ. ಈ ನಿಯಮವನ್ನು ಬೈಯುವವರು ಬಹಳ. ನಾನು ಬೈಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಸರ್ಕಾರದ ದುಡ್ಡು ಹೊರಗೆ ಹರಿಯುತ್ತಾ ಹೋದರೆ ತಾಲ್ಲೂಕು ಆಸ್ಪತ್ರೆಗಳು ಬಡಕಲಾಗುತ್ತವೆ. ಹಾಗೆಂದು, ಮೂಳೆ ಮುರಿದ ಮುದುಕಿಯನ್ನು ಚೀಟಿಗಾಗಿ ಎರಡೆರಡು ಆಸ್ಪತ್ರೆ ಸುತ್ತಿಸುವುದೂ ಸರಿಯಲ್ಲ. 70 ದಾಟಿದವರ ಮಟ್ಟಿಗಾದರೂ, ಚೀಟಿ ಒಂದು ಆಸ್ಪತ್ರೆಯ ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹೋಗುವ ಹಾಗೆ ಮಾಡುವುದು ಕಷ್ಟದ ಕೆಲಸವಲ್ಲ. ಒಂದನ್ನು ಮಾತ್ರ ನೆನಪಿಡಿ: ಮೊದಲು ಖಾಸಗಿ ಆಸ್ಪತ್ರೆಗೆ ಸೇರಿಸಿ, ಕೈಯಿಂದ ದುಡ್ಡು ಕಟ್ಟಿ, ಆಮೇಲೆ ಬಿಲ್ಲು ತಂದು ಸರ್ಕಾರದಿಂದ ವಾಪಸು ಪಡೆಯುತ್ತೇವೆ ಎಂದರೆ ಆಗುವುದಿಲ್ಲ. ಇದು ನಗದಿಲ್ಲದ ಯೋಜನೆ, ಒಳಗೆ ಸೇರುವಾಗಲೇ ಕಾರ್ಡು ತೋರಿಸಬೇಕು.

ಗಡಿನಾಡಿನವರಿಗೆ ಈ ಕಾರ್ಡಿನಲ್ಲಿ ಒಂದು ಒಳ್ಳೆಯ ಗುಣವಿದೆ. ಇಂಡಿ, ಆಳಂದದ ಕಡೆಯವರು ಕಾಯಿಲೆ ಎಂದರೆ ಸೊಲ್ಲಾಪುರಕ್ಕೆ ಹೋಗುವವರು. ಬೆಳಗಾವಿಯ ಕಡೆಯವರಿಗೆ ಮಿರಜ್ ರೂಢಿ. ಬೀದರಿನವರಿಗೆ ಹೈದರಾಬಾದು, ಕಾಸರಗೋಡಿನವರಿಗೆ ಮಂಗಳೂರು. ಯೋಜನೆ ಜಾರಿಯಲ್ಲಿರುವ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಕಾರ್ಡು ನಡೆಯಬೇಕು ಎಂಬುದು ಆಯುಷ್ಮಾನ್ ಭಾರತ್‌ನ ನಿಯಮ. ಮಕ್ಕಳು ಪುಣೆಯಲ್ಲೋ ಮುಂಬೈಯಲ್ಲೋ ಇದ್ದು, ಹಿರಿಯರು ವರ್ಷದಲ್ಲಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ಮನೆಗಳಿಗೂ ಇದು ಉಪಯೋಗ. ಹೊರರಾಜ್ಯದವರ ಬಿಲ್ಲು ಆಸ್ಪತ್ರೆಗೆ ಸಂದಾಯವಾಗಲು ಒಳರಾಜ್ಯದ 15 ದಿನದ ಬದಲು 30 ದಿನದ ಗಡುವು ಇದೆ. ಅದಕ್ಕೇ ಕೆಲವು ಕಡೆ ಹೊರಗಿನ ಕಾರ್ಡು ಎಂದರೆ ಮುಖ ಸಿಂಡರಿಸುತ್ತಾರೆ.

ಆಸ್ಪತ್ರೆಗಳ ದೂರನ್ನೂ ಕೇಳಬೇಕು. ಗಡುವು ಕಾಗದದ ಮೇಲೆ, ದುಡ್ಡು ಬರುವುದು ತಿಂಗಳುಗಳ ಮೇಲೆ ಎಂದು ಅವರು ಹೇಳುತ್ತಾರೆ. ಬಾಕಿ ಹಣಕ್ಕಾಗಿಯೇ 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಆಯುಷ್ಮಾನ್ ಚಿಕಿತ್ಸೆ ನಿಲ್ಲಿಸಿದ್ದವು. ದರ ಕಡಿಮೆ, ಹಣ ತಡ ಎಂದಾದರೆ ಆಸ್ಪತ್ರೆ ಆ ಕೊರತೆಯನ್ನು ರೋಗಿಯ ಕಡೆಯವರ ಹೆದರಿಕೆಯಿಂದ ತುಂಬಿಕೊಳ್ಳಲು ನೋಡುತ್ತದೆ. ನಮ್ಮಣ್ಣನ ಮುಂದೆ ಇಟ್ಟ 45 ಸಾವಿರ ಅದೇ. ತಪ್ಪು ತಪ್ಪೇ, ಅದಕ್ಕೆ ಕಾರಣ ಕೌಂಟರಿನಲ್ಲಿ ಕುಳಿತವರು ಮಾತ್ರ ಅಲ್ಲ.

ಇಷ್ಟೆಲ್ಲ ಆದಮೇಲೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ.

ದೊಡ್ಡಮ್ಮನನ್ನು ಮನೆಗೆ ಕರೆತಂದ ಮೇಲೆ ಅವರ ಮಂಚದ ಪಕ್ಕದ ಗೂಡಿನಲ್ಲಿದ್ದ ಮಾತ್ರೆಯ ಡಬ್ಬಿ ತೆಗೆದೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಬಿಪಿ ಮಾತ್ರೆಯ ಹಾಳೆಗಳ ಜೊತೆ ಅದರೊಳಗೆ ಒಂದು ಅಡಕತ್ತರಿ ಇತ್ತು. ದೊಡ್ಡಮ್ಮ ಎಲೆಅಡಿಕೆ ಬಿಟ್ಟು ಎಷ್ಟೋ ವರ್ಷವಾಗಿದೆ. ಡಬ್ಬಿಯ ತಳದಲ್ಲಿ ಬಿಳಿ ಪುಡಿ, ಮೂಲೆಯಲ್ಲಿ ಅರ್ಧರ್ಧ ಮಾಡಿದ ಮಾತ್ರೆಗಳು. ಕೇಳಿದರೆ, ‘ಒಂದ್ ತಿಂಗಳ ಮಾತ್ರೆ ಎರಡು ತಿಂಗಳು ಬರ್ತದೆ ಮಗ, ಅವ್ನಿಗೂ ಎಷ್ಟು ಅಂತ ತೊಂದ್ರೆ ಕೊಡೋದು’ ಎಂದರು. ಬಿದ್ದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 200 ಇತ್ತು. ತಲೆಸುತ್ತಿಗೆ ಅದೇ ಕಾರಣ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಲಿಲ್ಲ, ಇರಬಹುದು ಎಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸೊಂಟದ ಮೂಳೆಗೆ ದೊಡ್ಡ ಮೊತ್ತ ಕೊಡಲು ಸಿದ್ಧವಿರುವ ಯೋಜನೆ, ಆ ಮೂಳೆ ಮುರಿಯದಂತೆ ಕಾಯಬಹುದಾಗಿದ್ದ ಮಾತ್ರೆಗೆ ಕೊಡುವುದಿಲ್ಲ. ಆಯುಷ್ಮಾನ್ ಕಾರ್ಡು ಕೆಲಸ ಮಾಡುವುದು ಆಸ್ಪತ್ರೆಯ ಹಾಸಿಗೆಗೆ ಸೇರಿದಾಗ ಮಾತ್ರ. ಸೇರುವುದಕ್ಕೆ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನದ ಔಷಧಿ ಅದರಲ್ಲಿ ಬರುತ್ತದೆ. ಹದಿನಾರನೆಯ ದಿನದಿಂದ ಎಲ್ಲವೂ ಜೇಬಿನದೇ. ದೊಡ್ಡಮ್ಮನಿಗೆ ಆಮೇಲೆ ಬೇಕಾದದ್ದು ಕ್ಯಾಲ್ಸಿಯಂ, ಮೂಳೆ ಗಟ್ಟಿಯಾಗುವ ಮಾತ್ರೆ, ವಾರಕ್ಕೆ ಮೂರು ದಿನ ಫಿಸಿಯೊಥೆರಪಿ, ರಾತ್ರಿಗೆ ಡೈಪರು, ವಾಕರು. ಅಣ್ಣ ಕೊನೆಗೂ ಮಂಡಿಯಲ್ಲಿ ಸಾಲ ಮಾಡಿದ. ಆಪರೇಷನ್‌ಗೆ ಅಲ್ಲ, ಅದರ ನಂತರದ ಆರು ತಿಂಗಳಿಗೆ.

ಮುಪ್ಪಿನ ಕಾಯಿಲೆಗಳ ಸ್ವಭಾವವೇ ಇದು. ಎಳೆಯರಿಗೆ ಕಾಯಿಲೆ ಬರುತ್ತದೆ, ಹೋಗುತ್ತದೆ. ವಯಸ್ಸಾದವರ ಬಿಪಿ, ಸಕ್ಕರೆ, ಮಂಡಿನೋವು, ಉಬ್ಬಸ ಬಂದು ಮನೆಯಲ್ಲೇ ಉಳಿಯುತ್ತವೆ. ದೇಶದ ಹಿರಿಯರ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯ 2020ರ ವರದಿಯ ಪ್ರಕಾರ 60 ದಾಟಿದ ಬಹಳಷ್ಟು ಮಂದಿಗೆ ದೀರ್ಘಕಾಲದ ಒಂದಲ್ಲ ಒಂದು ಕಾಯಿಲೆ ಇದೆ. ಅವರು ವರ್ಷದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಇರುವುದು ಕೆಲವೇ ದಿನ, ಉಳಿದ ದಿನಗಳೆಲ್ಲ ಮಾತ್ರೆಯ ಡಬ್ಬಿಯ ಜೊತೆ. ಆ ಡಬ್ಬಿಯನ್ನು ಯಾವ ಕಾರ್ಡೂ ಮುಟ್ಟುವುದಿಲ್ಲ.

ಮುಟ್ಟಲು ದಾರಿಗಳಿಲ್ಲವೆಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಮಾತ್ರೆ ಉಚಿತವಾಗಿ ಕೊಡಬೇಕು ಎಂಬುದು ಇರುವ ವ್ಯವಸ್ಥೆಯೇ. ಸೊಂಟ ಹಿಡಿದ ಮುದುಕರು ನಾಲ್ಕು ಮೈಲಿ ಹೋಗುವುದು ಹೇಗೆ ಎಂಬುದು ಪ್ರಶ್ನೆ. ಅದಕ್ಕೆ ಉತ್ತರವಾಗಿ ನಮ್ಮ ರಾಜ್ಯ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಶುರುಮಾಡಿತು. ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡಿ ಮಾತ್ರೆಯನ್ನು ಮನೆ ಬಾಗಿಲಿಗೇ ಕೊಡುವುದು ಅದರ ಉದ್ದೇಶ. ಆಮೇಲೆ ಅದು ಬೇರೆ ಜಿಲ್ಲೆಗಳಿಗೂ ಹರಡಿತು. 5 ಲಕ್ಷದ ಕಾರ್ಡಿಗೆ ಸಿಗುವ ಜಾಹೀರಾತಿನ ಹತ್ತರಲ್ಲೊಂದು ಭಾಗವೂ ಇದಕ್ಕೆ ಸಿಗಲಿಲ್ಲ ಎಂಬುದು ನನ್ನ ಬೇಸರ. ಮಾತ್ರೆ ಪ್ರತಿ ತಿಂಗಳೂ ತಪ್ಪದೆ ಬಂದರೆ ಇದರಷ್ಟು ಜೀವ ಉಳಿಸುವ ಯೋಜನೆ ಇನ್ನೊಂದಿಲ್ಲ. ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದು ಒಂದೇ ಸಲ ಹೇಳಿದರೂ ಸಾಕು, ಮುದುಕರ ಕೈ ಅಡಕತ್ತರಿಗೆ ಹೋಗುತ್ತದೆ.

60ರಿಂದ 70ರ ನಡುವಿನವರ ಮಾತೂ ಇದೆ. ಕಾನೂನಿನ ಕಣ್ಣಿನಲ್ಲಿ ಹಿರಿಯ ನಾಗರಿಕರಾಗುವುದು 60ಕ್ಕೆ, ಕಾರ್ಡಿನ ಕಣ್ಣಿನಲ್ಲಿ 70ಕ್ಕೆ. ಗೇಯ್ದು ತಿಂದ ಮೈಗೆ 60ಕ್ಕೇ ಮುಪ್ಪು ಬಂದಿರುತ್ತದೆ. ವಯಸ್ಸನ್ನು 60ಕ್ಕೆ ಇಳಿಸಿ, ಮೊತ್ತವನ್ನು 10 ಲಕ್ಷಕ್ಕೆ ಏರಿಸಿ ಎಂದು 2025ರಲ್ಲಿ ಸಂಸದೀಯ ಸಮಿತಿಯೇ ಶಿಫಾರಸು ಮಾಡಿತು. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದಾದರೆ ವಯಸ್ಸು ಇಳಿಯಲಿ ಎಂದು ನಾನು ಹೇಳುತ್ತೇನೆ. ಅಲ್ಲಿಯವರೆಗೆ ಈ ಹತ್ತು ವರ್ಷದವರಲ್ಲಿ ಕೈಲಾದವರು ಖಾಸಗಿ ಪಾಲಿಸಿ ನೋಡಬಹುದು. ಹಿಂದಿನಷ್ಟು ಕಷ್ಟ ಈಗಿಲ್ಲ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಮಿತಿ 2024ರ ಏಪ್ರಿಲ್‌ನಿಂದ ಹೋಯಿತು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನನ್ನು ಕೇಳಬೇಕು ಎಂದು 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿಯೂ ತೆಗೆದುಹೋಯಿತು.

ದೊಡ್ಡಮ್ಮ ಈಗ ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಾರೆ. ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಬಂದು ಬಿಪಿ ನೋಡಿ ಮೂವತ್ತು ಮಾತ್ರೆ ಎಣಿಸಿ ಕೊಡುತ್ತಾಳೆ. ಮೊನ್ನೆ ಹೋದಾಗ ತಗಡಿನ ಡಬ್ಬಿ ತೆಗೆದು ನೋಡಿದೆ. ಇಡಿ ಇಡೀ ಮಾತ್ರೆಗಳಿದ್ದವು. ಅಡಕತ್ತರಿಯನ್ನು ಸೊಸೆ ಎಲ್ಲೋ ಅಟ್ಟದ ಮೇಲೆ ಹಾಕಿದ್ದಾಳಂತೆ. ‘ಈ ತಿಂಗಳು ಆ ಹುಡುಗಿ ಇನ್ನೂ ಬಂದಿಲ್ಲ ಮಗ’ ಎಂದರು ದೊಡ್ಡಮ್ಮ. ಎಣಿಸಿದೆ, ನಾಲ್ಕು ಉಳಿದಿದ್ದವು.